ಜೀನಿನಲ್ಲಿದ್ದದ್ದೆಲ್ಲ ಹಣೆಬರಹವೇ?

ಮಗುವಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ಅದರ ತಟ್ಟೆಗೆ ಗೋಧಿ ಬರುವಂತಿಲ್ಲ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಹೊಟ್ಟೆ ಸೇರಿದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೆ ಗುಳಿಗೆಯಿಲ್ಲ, ಜೀವನಪೂರ್ತಿ ಪಥ್ಯವೇ ಮದ್ದು.

ಮುದ್ದೆ, ಅನ್ನ ಉಣ್ಣುವ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸೀಮೆಯಲ್ಲಿ ಇದೇನು ಮಹಾ ಕಷ್ಟ ಅನ್ನಿಸಬಹುದು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅಕ್ಕಿಯಲ್ಲೂ ಇಲ್ಲ. ತೊಡಕು ಎದುರಾಗುವುದು ಹಬ್ಬದಲ್ಲಿ, ದೇವರ ಮುಂದೆ. ಸತ್ಯನಾರಾಯಣ ಪೂಜೆಯ ಸಪಾದಕ್ಕೆ ಗೋಧಿ ರವೆ, ಯುಗಾದಿ ಒಬ್ಬಟ್ಟಿನ ಕಣಕಕ್ಕೆ ಮೈದಾ. ಮೇಲುಕೋಟೆಯ ಹೆಸರಿನೊಂದಿಗೇ ನೆನಪಾಗುವ ಪುಳಿಯೋಗರೆಯನ್ನು ಮನೆಯಲ್ಲಿ ಮಾಡುವಾಗ ಇಂಗಿನ ಡಬ್ಬಿ ತಿರುಗಿಸಿ ನೋಡಬೇಕು: ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಕ್ಯಾಥೊಲಿಕ್ ಕ್ರೈಸ್ತರಿಗೂ ಈ ಇಕ್ಕಟ್ಟು ಉಂಟು. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಪರಮಪ್ರಸಾದಕ್ಕೆ ಸಲ್ಲದು, ಕಡಿಮೆ ಇರುವುದು ಸಲ್ಲುತ್ತದೆ ಎಂದು 2003ರಲ್ಲಿ ವ್ಯಾಟಿಕನ್ ಪತ್ರ ಬರೆಯಬೇಕಾಯಿತು. ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟ ಹುಡುಗಿಯ ಭಕ್ತಿಗೆ ಯಾವ ಕುಂದೂ ಇಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆ ಆಮೇಲೆ ಬರುತ್ತದೆ. ಸೀಲಿಯಾಕ್ ಇರುವವರಿಗೆ ಟೈಪ್ 1 ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಸೀಲಿಯಾಕ್‌ಗೆ ದಾರಿ ಮಾಡಿಕೊಡುವ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಜೀನುಗಳಿಗೆ ಟೈಪ್ 1 ಸಕ್ಕರೆ ಕಾಯಿಲೆಯೊಂದಿಗೂ ನಂಟಿದೆ. ಹಾಗಾದರೆ ಹದಿನೈದು ವರ್ಷದ ಮಗುವಿನ ಜೀನುಗಳನ್ನೆಲ್ಲ ಪರೀಕ್ಷೆ ಮಾಡಿಸಿ, ಮುಂದೇನು ಕಾದಿದೆಯೋ ಈಗಲೇ ತಿಳಿದುಕೊಳ್ಳಬೇಕೇ? ‘ಹಣೇಲಿ ಬರೆದದ್ದನ್ನ ಅಳಿಸೋಕಾಗುತ್ತಾ’ ಎನ್ನುವ ಅಜ್ಜಿಯೂ ‘ರಿಪೋರ್ಟ್ ತರಿಸಿಬಿಡೋಣ’ ಎನ್ನುವ ಅಪ್ಪನೂ ಇಲ್ಲಿ ಒಂದೇ ನಂಬಿಕೆಯವರು. ಬರೆದದ್ದು ಬರೆದಾಗಿದೆ ಎಂದೇ ಇಬ್ಬರೂ ತಿಳಿದಿದ್ದಾರೆ.

ಆ ನಂಬಿಕೆ ತಪ್ಪೆಂದು ತೋರಿಸಿದ್ದು ನಮ್ಮ ದೇಶದ್ದೇ ಒಂದು ಸಮೀಕ್ಷೆ. 23,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಅದರ ವರದಿ 2016ರಲ್ಲಿ ಪ್ರಕಟವಾಯಿತು. ಈ ಜೀನುಗಳು ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು 38 ಜನರಲ್ಲಿದ್ದರೆ ದಕ್ಷಿಣದಲ್ಲಿ 36 ಜನರಲ್ಲಿದ್ದವು. ಹೆಚ್ಚುಕಡಿಮೆ ಒಂದೇ. ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಮಾತ್ರ ಉತ್ತರದಲ್ಲಿ ಶೇ 1.23 ಜನರ ರಕ್ತದಲ್ಲಿ, ದಕ್ಷಿಣದಲ್ಲಿ ಶೇ 0.10 ಜನರ ರಕ್ತದಲ್ಲಿ ಕಂಡವು. ಬಹಳ ದೊಡ್ಡ ವ್ಯತ್ಯಾಸವಿದ್ದದ್ದು ಊಟದಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಜೀನು ಹೊತ್ತ ಬಹುಪಾಲು ಜನ ಈ ಕಾಯಿಲೆಯಿಲ್ಲದೆಯೇ ಬಾಳಿ ಹೋಗುತ್ತಾರೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜಾಚಾರ್ಯರು ಈ ಗಂಟನ್ನು ಬೇರೆ ದಾರಿಯಿಂದ ಬಿಡಿಸಿದ್ದಾರೆ. ಎಲ್ಲವೂ ಈಶ್ವರನ ಅಧೀನವಾದರೆ ಮನುಷ್ಯನ ಪ್ರಯತ್ನಕ್ಕೆ ಏನರ್ಥ? ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಅವರು ಕೊಡುವ ಉತ್ತರ ಹೀಗಿದೆ: ಮೊದಲ ಪ್ರಯತ್ನ ಜೀವಾತ್ಮನದು, ಅದನ್ನು ನೋಡಿ ಪರಮಾತ್ಮ ಅನುಮತಿ ಕೊಡುತ್ತಾನೆ. ಇಬ್ಬರಿಗೆ ಸೇರಿದ ಆಸ್ತಿಯನ್ನು ಒಬ್ಬ ಪರಭಾರೆ ಮಾಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕಲ್ಲ, ಹಾಗೆ ಎಂದು ಅವರೇ ಉದಾಹರಣೆ ಕೊಡುತ್ತಾರೆ. ಹಣೆಬರಹದ ಹೆಸರಿನಲ್ಲಿ ಕೈಕಟ್ಟಿ ಕೂರುವುದಕ್ಕೆ ಇಲ್ಲಿ ಎಡೆಯಿಲ್ಲ. ಆಸ್ತಿಯ ಮಾತು ಜೀನಿಗೂ ಸಲ್ಲುತ್ತದೆ. ಮಗುವಿನ ರಕ್ತದಲ್ಲಿರುವುದು ತಾಯಿ, ತಂದೆಯಿಂದ ಬಂದದ್ದು, ಒಡಹುಟ್ಟಿದವರೊಂದಿಗೆ ಹಂಚಿಕೊಂಡದ್ದು. ಒಬ್ಬರ ವರದಿ ಬಿಚ್ಚಿದರೆ ಮನೆಮಂದಿಯ ಗುಟ್ಟೆಲ್ಲ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಆದರೂ ಆ ವರದಿ ಹೊತ್ತು ಬಾಳಬೇಕಾದದ್ದು ಮಗುವೇ. ಮೊದಲು ಬೇಕಾದ ಅನುಮತಿ ಅದರದು.

ಮುಂಚಿತವಾಗಿ ತಿಳಿಯುವುದೆಲ್ಲ ಒಳ್ಳೆಯದಕ್ಕೇ ಎಂದು ಮಂಡ್ಯ ಜಿಲ್ಲೆ ಹೇಳುವಂತಿಲ್ಲ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದದ್ದು ಬಯಲಾಯಿತು. ಮರುವರ್ಷ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣಹತ್ಯೆಯ ಪ್ರಕರಣ ಸಿಕ್ಕಿತು. ಜೀನ್ ಪರೀಕ್ಷೆ ಅದಕ್ಕೆ ಸಮವಲ್ಲ. ಆದರೆ ಹೆಣ್ಣುಮಗುವಿನ ವರದಿ ನಾಳೆ ಮದುವೆ ಮಾತುಕತೆಗೆ ಅಡ್ಡ ಬಾರದು ಎಂಬ ಧೈರ್ಯ ಯಾವ ಮನೆಗಿದೆ? ಇನ್ನು ಆರೋಗ್ಯ ವಿಮೆಯಲ್ಲಿ, ಜೀನಿನ ಕಾರಣಕ್ಕೆ ತಾರತಮ್ಯ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತ್ತು. ಸಂಬಂಧ ನೋಡಲು ಬಂದವರನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ.

ಪರೀಕ್ಷೆಯೇ ಬೇಡವೆಂದಲ್ಲ. ಅಣ್ಣತಮ್ಮ, ಅಕ್ಕತಂಗಿಯರಿಗೆ ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲವೆಂದು ಗೊತ್ತಾದರೆ ಸೀಲಿಯಾಕ್ ಭಯ ಬಹುಮಟ್ಟಿಗೆ ಕಳೆಯಿತು. ಇದು ನಿಜವಾದ ಉಪಕಾರ. ಅವರಿಗೆ ಸೀಲಿಯಾಕ್ ಪತ್ತೆಯ ಟಿಟಿಜಿ ರಕ್ತಪರೀಕ್ಷೆ ಮಾಡಿಸುವುದಾದರೆ ಗೋಧಿ ಬಿಡಿಸುವ ಮೊದಲೇ ಮಾಡಿಸಬೇಕು, ಬಿಟ್ಟ ಮೇಲೆ ಫಲಿತಾಂಶ ದಾರಿ ತಪ್ಪಿಸಬಹುದು. ಕಾಯಿಲೆಯಿರುವ ಮಗುವಿಗೆ ವೈದ್ಯರು ಹೇಳಿದಾಗ ಥೈರಾಯ್ಡ್, ಸಕ್ಕರೆ ನೋಡಿಸಿ. ತೊಂದರೆ ಕಂಡರೆ ಅವಕ್ಕೆ ಚಿಕಿತ್ಸೆಯಿದೆ. ಮುಂದೆ ಬಂದರೂ ಬರಬಹುದಾದ ಕಾಯಿಲೆಗಳ ಜೀನ್ ಪಟ್ಟಿಯನ್ನು ಮಾತ್ರ ಮಗುವೇ ಬೇಕೆಂದು ಕೇಳುವವರೆಗೆ ಮುಟ್ಟಬೇಡಿ. ಕೇಳಿದ ದಿನ, ಆ ವರದಿಯನ್ನು ಓದಿ ಅರ್ಥ ಹೇಳಬಲ್ಲ ವೈದ್ಯರ ಹತ್ತಿರ ಮೊದಲು ಕರೆದುಕೊಂಡು ಹೋಗಿ.