ಬಲಿಯದ ಕಾಯಿ, ಆಡದ ಮಾತು

ಶ್ರೀನಿವಾಸಪುರದ ಹತ್ತಿರ ನಮ್ಮದು 2 ಎಕರೆ ಮಾವಿನ ತೋಟ. ಕಾಯಿ ಬಲಿತಿದೆಯೇ ಎಂದು ತಿಳಿಯಲು ಅಪ್ಪ ನಾಲ್ಕೈದು ಬಾದಾಮಿ ಕಿತ್ತು ಬಕೆಟ್ ನೀರಿಗೆ ಹಾಕುತ್ತಾರೆ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಹೋದ ವರ್ಷ ಎಲ್ಲವೂ ತೇಲಿದವು. ಆದರೂ ಇಳಿಸಿದೆವು. ಸುಗ್ಗಿಯ ಆರಂಭದಲ್ಲಿ ಮಂಡಿಯಲ್ಲಿ ಒಳ್ಳೆಯ ಬೆಲೆ. ಎಲ್ಲರ ಮಾಲೂ ಬಂದ ಮೇಲೆ ಕೇಳುವವರಿಲ್ಲ. "ಬಣ್ಣ ನಾವು ಬರಿಸ್ಕೊತೀವಿ, ನೀವು ಇಳಿಸಿ ಯಜಮಾನ್ರೇ" ಎಂದ ವ್ಯಾಪಾರಿ.

ಬಣ್ಣವೇನೋ ಬರುತ್ತದೆ. ನಿಷೇಧಿತ ಕಾರ್ಬೈಡ್ ಇಟ್ಟರೂ ಸರಿ, ಅನುಮತಿಯಿರುವ ಎಥಿಲೀನ್ ಹಾಯಿಸಿದರೂ ಸರಿ, ಮರದಲ್ಲಿ ಬಲಿಯದ ಕಾಯಿಗೆ ರುಚಿ ಬರುವುದಿಲ್ಲ. ಬೆಂಗಳೂರಿನ ಗಾಡಿಯೊಂದರಲ್ಲಿ ಅಂಥದ್ದೇ ಹಣ್ಣು ಕೊಂಡು, ಹುಳಿಗೆ ಮುಖ ಕಿವುಚಿ, ಮಾರಿದವನನ್ನು ಬೈದುಕೊಂಡವನು ನಾನೇ.

ಇದು ಹಳೆಯ ಪ್ರಶ್ನೆ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಕುರಿತು ಬರೆದ ಪುಸ್ತಕದಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಬರುತ್ತಾನೆ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಅವನ ಹಡಗು ಮೊದಲು ತಲುಪಿದೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಅವನೊಬ್ಬನಿಗೇ ಗೊತ್ತು. ಹೇಳಿಬಿಟ್ಟರೆ ಬೆಲೆ ಇಳಿಯುತ್ತದೆ. ಸುಳ್ಳು ಹೇಳದಿದ್ದರೆ ಸಾಕು ಎಂಬುದು ಡಯೋಜನೀಸ್‌ನ ವಾದ. ಗೊತ್ತಿದ್ದದ್ದನ್ನೆಲ್ಲ ಹೇಳಲೇಬೇಕು ಎಂಬುದು ಆಂಟಿಪೇಟರ್‌ನದು. ಸಿಸೆರೊ ಎರಡನೆಯವನ ಕಡೆ.

ಆದರೆ ಆ ವ್ಯಾಪಾರಿಯ ಎದುರಿಗೆ ಕೊಳ್ಳುವವರು ನಿಂತಿದ್ದರು. ನಮ್ಮ ಹಣ್ಣನ್ನು ತಿನ್ನುವವರು ನಮಗೆ ಕಾಣುವುದೇ ಇಲ್ಲ. ನಡುವೆ ವ್ಯಾಪಾರಿ, ಮಂಡಿಯವರು, ಗಾಡಿಯವನು. ಕಾಯಿ ಎಳೆಯದೆಂದು ಇವರೆಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಯಾರಿಗೂ ಮೋಸ ಮಾಡಿದಂತಾಗಲಿಲ್ಲ. ಗೊತ್ತಿಲ್ಲದವರು ತಿನ್ನುವವರೊಬ್ಬರೇ. ಅವರಿಗೆ ನಮ್ಮ ಮಾತು ತಲುಪುವುದಿಲ್ಲ. ತಲುಪುವುದು ಹಣ್ಣು ಮಾತ್ರ. ಹಾಗಾದರೆ ಬಲಿಯುವ ತನಕ ಕಾಯುವುದೊಂದೇ ನಾವು ಅವರಿಗೆ ನಿಜ ಹೇಳುವ ದಾರಿ.

ಇದನ್ನು ಅಪ್ಪನಿಗೆ ಹೇಳಿದೆ. "ಕಾಯೋದಕ್ಕೂ ಖರ್ಚಿದೆ ಕಣೋ" ಎಂದರು. ಆದರೂ ಈ ವರ್ಷ ಅರ್ಧ ತೋಟವನ್ನು ಹಾಗೆಯೇ ಬಿಟ್ಟರು. ಎರಡು ವಾರದೊಳಗೆ ಆಲಿಕಲ್ಲು ಮಳೆ ಬಂತು. ಬೆಳಗ್ಗೆ ಮರದಡಿ ಬಿದ್ದ ಕಾಯಿಗಳನ್ನು ಇಬ್ಬರೂ ಆರಿಸುತ್ತಿದ್ದಾಗ ಅಪ್ಪ ಕೇಳಿದರು: "ನಿನ್ನ ರೋಮಿನವನು ಇದಕ್ಕೇನಂತಾನೆ?"

ಅವನು ಏನೂ ಅನ್ನುವುದಿಲ್ಲ. ಸತ್ಯಕ್ಕೆ ಬೆಲೆ ತೆರಬೇಕೆಂದು ನಾನು ಓದಿದ್ದೆ. ಆ ಬೆಲೆಯನ್ನು ನನ್ನ ಪರವಾಗಿ ಅಪ್ಪ ತೆರುತ್ತಾರೆಂದು ಎಣಿಸಿರಲಿಲ್ಲ. ಉಳಿದ ಕಾಯಿಗಳನ್ನು ಜೂನ್‌ನಲ್ಲಿ ಇಳಿಸಿದೆವು. ಬಕೆಟ್ಟಿಗೆ ಹಾಕಿದವೆಲ್ಲ ಮುಳುಗಿದವು. ಬೆಲೆಯೂ ಅಷ್ಟರಲ್ಲಿ ಮುಳುಗಿತ್ತು.