ಎರಡನೆಯ ಪೀಠ

ಒಂದು ಅಧಿಕಾರಕ್ಕೆ ಯಾರು ಅರ್ಹರೆಂದು ವಿಚಾರಮಾಡುವಾಗ ಜನರಲ್ಲಿ ಕಾಣುವ ಎಚ್ಚರವು, ಆ ಅಧಿಕಾರದ ಪಕ್ಕದಲ್ಲಿರತಕ್ಕ ಎರಡನೆಯ ಪೀಠಕ್ಕೆ ಒಬ್ಬರನ್ನು ಗೊತ್ತುಮಾಡುವಾಗ ಬಹುಮಟ್ಟಿಗೆ ಕಾಣದು. ಮೊದಲನೆಯದು ಯೋಗ್ಯತೆಗೆ ಸಲ್ಲತಕ್ಕದ್ದು, ಎರಡನೆಯದು ಸಮಾಧಾನಕ್ಕೆ ಸಲ್ಲತಕ್ಕದ್ದು ಎಂಬ ಭಾವನೆ ಹಳ್ಳಿಯಿಂದ ರಾಜಧಾನಿಯವರೆಗೂ ಬೇರೂರಿದೆ. ಈ ಭಾವನೆ ಧರ್ಮಸಮ್ಮತವೇ ಎಂಬುದು ಇಲ್ಲಿಯ ವಿಚಾರ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯನ್ನೇ ತೆಗೆದುಕೊಳ್ಳಬಹುದು. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದೆ, ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿ ಬದುಕುವ ನಾಡು ಅದು. ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಶಾಸನದ ಮೇರೆಗೆ ಗ್ರಾಮಪಂಚಾಯಿತಿಯ ಸದಸ್ಯರು ತಮ್ಮೊಳಗಿಂದಲೇ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಆರಿಸುತ್ತಾರೆ. ಎರಡು ಸ್ಥಾನಗಳಿಗೂ ಮೀಸಲಾತಿಯ ಸರದಿಯುಂಟು. ಆ ಸರದಿಯ ಮಿತಿಯೊಳಗೆ ಸದಸ್ಯರಿಗೆ ಉಳಿದಿರುವ ಸ್ವಾತಂತ್ರ್ಯವು ಎಷ್ಟೇ ಇರಲಿ, ಅದನ್ನು ಅವರು ಬಳಸುವ ರೀತಿಯು ಗಮನಿಸತಕ್ಕದ್ದು. ಅಧ್ಯಕ್ಷಗಿರಿ ಒಂದು ಗುಂಪಿಗೆ ಬಂದರೆ ಉಪಾಧ್ಯಕ್ಷಗಿರಿಯನ್ನು ಇನ್ನೊಂದಕ್ಕೆ ಕೊಟ್ಟು ಬಾಯಿ ಮುಚ್ಚಿಸುವುದು ಸಾಮಾನ್ಯವಾದ ಪದ್ಧತಿ. ಉಪಾಧ್ಯಕ್ಷರಿಗೆ ಕೆಲಸವಾದರೂ ಏನು ಎಂಬುದು ಆಗ ಎಲ್ಲರ ಸಮಾಧಾನದ ಮಾತು. ಆದರೆ ಬೇಸಿಗೆ ಬಲಿತು ಬಾವಿಗಳು ಬತ್ತಿದ ಕಾಲದಲ್ಲಿ ಅಧ್ಯಕ್ಷರು ಕಾಯಿಲೆ ಬಿದ್ದರೆ, ಯಾವ ಕೇರಿಗೆ ಮೊದಲು ನೀರು ಹೋಗಬೇಕೆಂಬ ನಿರ್ಣಯ ಆ ಕೆಲಸವಿಲ್ಲದವರ ಕೈಗೇ ಬರುತ್ತದೆ. ಅವರು ನ್ಯಾಯವಂತರೇ ಎಂದು ಅಂದು ವಿಚಾರಿಸುವುದರಿಂದ ಬಿಂದಿಗೆ ತುಂಬುವುದಿಲ್ಲ.

ಇದೇ ಪ್ರಶ್ನೆ ಅಮೆರಿಕಾ ದೇಶದಲ್ಲಿ ಅತ್ಯಂತ ಸ್ಪಷ್ಟವಾದ ರೂಪವನ್ನು ತಾಳಿದೆ. ಅಲ್ಲಿ ಅಧ್ಯಕ್ಷಪದವಿಯ ಅಭ್ಯರ್ಥಿಯು ತನ್ನ ಜೊತೆಗೆ ಉಪಾಧ್ಯಕ್ಷಪದವಿಯ ಅಭ್ಯರ್ಥಿಯೊಬ್ಬನನ್ನು ಸೇರಿಸಿಕೊಂಡು ಜನರ ಮುಂದೆ ಬರುತ್ತಾನೆ. ಮೊದಲಲ್ಲಿ ಹೀಗಿರಲಿಲ್ಲ. ಚುನಾವಣೆಯಲ್ಲಿ ಎರಡನೆಯವನಾಗಿ ನಿಂತವನೇ ಉಪಾಧ್ಯಕ್ಷನಾಗುತ್ತಿದ್ದನು. ೧೮೦೦ರ ಚುನಾವಣೆಯಲ್ಲಿ ಒಂದೇ ಪಕ್ಷದ ಜೆಫರ್ಸನ್ನನಿಗೂ ಬರ್‌ನಿಗೂ ಸಮಸಮನಾಗಿ ೭೩ ಮತಗಳು ಬಂದು, ಪ್ರತಿನಿಧಿಸಭೆಯು ೩೬ ಸಲ ಮತವೆಣಿಸಿದ ಮೇಲೆ ಜೆಫರ್ಸನ್ನನು ಅಧ್ಯಕ್ಷನಾದನು. ಆ ಗೊಂದಲದ ಫಲವಾಗಿ ೧೮೦೪ರಲ್ಲಿ ಎರಡು ಪದವಿಗಳಿಗೂ ಬೇರೆ ಬೇರೆ ಮತವೆಂದು ವಿಧಿಯಾಯಿತು. ಕಾಲಕ್ರಮದಲ್ಲಿ ಜೊತೆಗಾರನ ಆಯ್ಕೆಯು ಪಕ್ಷದ ಮುಖಂಡರ ಕೈಯಿಂದ ಅಭ್ಯರ್ಥಿಯ ಕೈಗೇ ಬಂದಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಚುನಾವಣೆಯಲ್ಲಿ ಗೆಲ್ಲದವನು ಯಾವ ಸತ್ಕಾರ್ಯವನ್ನೂ ಮಾಡಲಾರನು. ಆದುದರಿಂದ ಉತ್ತರದವನು ದಕ್ಷಿಣದವನನ್ನೂ, ವೃದ್ಧನು ತರುಣನನ್ನೂ ಜೊತೆಗೆ ಕರೆದುಕೊಂಡು ಮತಗಳನ್ನು ಕೂಡಿಸಿಕೊಳ್ಳುವುದು ನೀತಿಯೇ ಹೊರತು ದೋಷವಲ್ಲ ಎಂದು ವ್ಯವಹಾರಜ್ಞರು ಹೇಳುತ್ತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಬಿಡಲಾಗದು. ಆದರೆ ಅದು ಲೆಕ್ಕದ ಒಂದು ಭಾಗವನ್ನು ಬಿಟ್ಟಿದೆ. ೧೮೪೧ರಿಂದ ೧೯೭೪ರವರೆಗಿನ ಕಾಲದಲ್ಲಿ ಅಮೆರಿಕಾದ ಉಪಾಧ್ಯಕ್ಷರಲ್ಲಿ ಒಂಬತ್ತು ಮಂದಿ, ಅಧ್ಯಕ್ಷನ ಮರಣದಿಂದಲೋ ರಾಜೀನಾಮೆಯಿಂದಲೋ, ನಡುವೆಯೇ ಅಧ್ಯಕ್ಷರಾದರು. ೧೮೬೪ರಲ್ಲಿ ಲಿಂಕನ್ನನ ಜೊತೆಗೆ ಟೆನೆಸ್ಸಿಯ ಆಂಡ್ರೂ ಜಾನ್ಸನ್ನನನ್ನು ನಿಲ್ಲಿಸಿದುದು ದಕ್ಷಿಣದವನೂ ಎದುರು ಪಕ್ಷದವನೂ ಆದವನಿಂದ ಬಲ ಬರುವುದೆಂಬ ಎಣಿಕೆಯಿಂದ. ಎಣಿಕೆ ಫಲಿಸಿತು, ಗೆಲವು ಬಂದಿತು. ೧೮೬೫ರ ಏಪ್ರಿಲ್ಲಿನಲ್ಲಿ ಲಿಂಕನ್ನನು ಹತನಾದನು. ದಾಸ್ಯದಿಂದ ಆಗತಾನೆ ಬಿಡುಗಡೆಹೊಂದಿದ್ದ ಜನರಿಗೆ ಪೌರಹಕ್ಕುಗಳನ್ನು ಕೊಡುವ ೧೮೬೬ರ ಮಸೂದೆಯನ್ನು ಜಾನ್ಸನ್ನನು ನಿರಾಕರಿಸಿದನು. ಶಾಸನಸಭೆಯು ಅವನನ್ನು ಮೀರಿ ಅದನ್ನು ಶಾಸನ ಮಾಡಬೇಕಾಯಿತು. ೧೮೬೮ರಲ್ಲಿ ಅವನ ಮೇಲೆ ಮಹಾಭಿಯೋಗ ನಡೆದು, ಒಂದೇ ಮತದ ಅಂತರದಿಂದ ಪದವಿ ಉಳಿಯಿತು. ಗೆಲವಿಗಾಗಿ ತಂದುಕೊಂಡವನು ಗೆಲವಿನ ಉದ್ದೇಶಕ್ಕೇ ಅಡ್ಡವಾದನು.

ಹಾಗಾದರೆ ೧೮೮೧ರಲ್ಲಿ ಅಧ್ಯಕ್ಷನಾದ ಆರ್ಥರನ ಸಂಗತಿಯೇನೆಂದು ಕೇಳಬಹುದು. ಪಕ್ಷದೊಳಗಿನ ಮುನಿದ ಬಣವನ್ನು ಒಲಿಸುವುದಕ್ಕಾಗಿ ಆರಿಸಲ್ಪಟ್ಟ ಅವನು, ಸರ್ಕಾರದ ನೌಕರಿಗಳನ್ನು ಅನುಯಾಯಿಗಳಿಗೆ ಹಂಚುವ ರೂಢಿಯಿಂದಲೇ ಮೇಲೆ ಬಂದವನು. ಆದರೂ ೧೮೮೩ರಲ್ಲಿ, ನೌಕರಿಯು ಪರೀಕ್ಷೆಯಿಂದ ದೊರೆಯಬೇಕೆಂಬ ಶಾಸನಕ್ಕೆ ಸಹಿಹಾಕಿದವನು ಅವನೇ. ಇದು ಆರ್ಥರನಿಗೆ ಸಲ್ಲತಕ್ಕ ಕೀರ್ತಿ. ಅವನನ್ನು ಆರಿಸಿದವರಿಗೆ ಸಲ್ಲತಕ್ಕದ್ದಲ್ಲ. ಸೀಳಿದ ಹಗ್ಗದಿಂದ ಮಗುವನ್ನು ಬಾವಿಗೆ ಇಳಿಸಿದವನು, ಹಗ್ಗ ಹರಿಯಲಿಲ್ಲವೆಂಬುದರಿಂದ ನಿರ್ದೋಷಿಯಾಗುವುದಿಲ್ಲ. ಆರಿಸುವವನ ಧರ್ಮವು ಆರಿಸುವ ಕ್ಷಣದಲ್ಲಿ ಅವನಿಗೆ ತಿಳಿದಿದ್ದುದರಿಂದ ಅಳೆಯಲ್ಪಡತಕ್ಕದ್ದು. ಮುಂದೆ ದೈವವು ಮಾಡಿದ ಉಪಕಾರದಿಂದಲ್ಲ.

ಹೀಗೆಂದಮಾತ್ರಕ್ಕೆ ಪ್ರದೇಶ, ಜಾತಿ, ಸ್ತ್ರೀಪುರುಷ ಎಂಬ ಸಮತೋಲನವೆಲ್ಲ ಕಪಟವೆಂದು ತಿಳಿಯಬಾರದು. ಬಹುಕಾಲ ಬಾಗಿಲ ಹೊರಗೆ ನಿಂತವರಿಗೆ ಪೀಠ ದೊರೆಯುವುದು ನ್ಯಾಯವೇ. ಯೋಗ್ಯತೆಯೆಂಬ ಮಾತನ್ನೇ ಗೋಡೆಯಾಗಿ ಕಟ್ಟಿ ಅವರನ್ನು ಹೊರಗಿಟ್ಟ ಇತಿಹಾಸವನ್ನು ಯಾರೂ ಮರೆಯಲಾಗದು. ದೋಷವಿರುವುದು ಬೇರೆ ಕಡೆ. ಒಬ್ಬರ ಮುಖವನ್ನು ಬಯಸಿ ಅವರ ಬುದ್ಧಿಯನ್ನು ಬಯಸದಿರುವುದು, ಅವರ ಕುಲದವರ ಮತವನ್ನು ಪಡೆದು ಅವರ ಕೈಗೆ ಕೆಲಸವನ್ನು ಕೊಡದಿರುವುದು, ಇದು ದೋಷ. ಇದರಿಂದ ಪ್ರಜೆಗಳಿಗೆ ಮಾತ್ರವಲ್ಲ, ಆಯ್ಕೆಯಾದವರಿಗೂ ಅವಮಾನವುಂಟು. ಅವರನ್ನು ಮನುಷ್ಯರೆಂದು ಬಗೆಯದೆ ತಕ್ಕಡಿಯ ಕಲ್ಲೆಂದು ಬಗೆದ ಹಾಗಾಯಿತು.

ಭಾರತದ ಕಥೆ ಈ ವಿಷಯದಲ್ಲಿ ಸೂಕ್ಷ್ಮವಾದ ಪಾಠವೊಂದನ್ನು ಹೇಳುತ್ತದೆ. ಅರ್ಜುನನಿಗೆ ಕೃಷ್ಣನು ಸಾರಥಿಯಾದಂತೆ ತನಗೂ ತಕ್ಕ ಸಾರಥಿ ಬೇಕೆಂದು ಕರ್ಣನು ಬಯಸಿದನು. ದುರ್ಯೋಧನನು ಶಲ್ಯನನ್ನು ಒಪ್ಪಿಸಿ ತಂದನು. ಅಶ್ವವಿದ್ಯೆಯಲ್ಲಿ ಶಲ್ಯನಿಗೆ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಮನಸ್ಸಿನಲ್ಲಿ. ಯುದ್ಧದ ನಡುವೆ ಅವನ ನಾಲಗೆ ತನ್ನ ರಥಿಕನ ಧೈರ್ಯವನ್ನೇ ಕಡಿಯಿತು. ಎದುರಾಳಿಗೆ ಸಮನಾಗಿ ಕಾಣಬೇಕೆಂದು ಆರಿಸಿದ ಜೊತೆಗಾರನಲ್ಲಿ ಸಾಮರ್ಥ್ಯವಿದ್ದರೂ, ಉದ್ದೇಶದಲ್ಲಿ ಐಕ್ಯವಿಲ್ಲದಿದ್ದರೆ ಆ ಸಾಮರ್ಥ್ಯವೇ ಮುಳ್ಳಾಗುತ್ತದೆ.

ತಕ್ಕವನನ್ನು ಆರಿಸಿದೊಡನೆ ಕರ್ತವ್ಯ ಮುಗಿಯುವುದೂ ಇಲ್ಲ. ೧೯೪೫ರ ಏಪ್ರಿಲ್ ೧೨ರಂದು ರೂಸ್‌ವೆಲ್ಟನು ತೀರಿಕೊಂಡಾಗ ಟ್ರೂಮನ್ನನು ಉಪಾಧ್ಯಕ್ಷನಾಗಿ ೮೨ ದಿನಗಳು ಕಳೆದಿದ್ದವು. ಪರಮಾಣು ಬಾಂಬಿನ ಸಿದ್ಧತೆಯ ವಿವರಗಳನ್ನು ಅವನು ಅಧ್ಯಕ್ಷನಾದ ಮೇಲೆಯೇ ತಿಳಿದುಕೊಂಡನು. ಅದೇ ವರ್ಷದ ಆಗಸ್ಟಿನಲ್ಲಿ ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಆ ಬಾಂಬುಗಳು ಬಿದ್ದವು. ಪಕ್ಕದಲ್ಲಿ ಕುಳಿತವನಿಗೆ ರಾಜ್ಯದ ಭಾರವನ್ನು ತಿಳಿಸದೆ ಇದ್ದುದು ಸಣ್ಣ ಲೋಪವಲ್ಲ.

ಭಾರತದ ಸಂವಿಧಾನದಲ್ಲಿ ಜೋಡಿ ಅಭ್ಯರ್ಥಿಗಳಿಲ್ಲ. ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡು ಸಭೆಗಳ ಸದಸ್ಯರು ಪ್ರತ್ಯೇಕವಾಗಿ ಆರಿಸುತ್ತಾರೆ. ಅವರು ರಾಜ್ಯಸಭೆಯ ಅಧ್ಯಕ್ಷರಾಗಿಯೂ ಇರುತ್ತಾರೆ. ಆದರೂ ಎರಡನೆಯ ಪೀಠದ ಭಾರ ಇಲ್ಲಿಯೂ ಕಡಿಮೆಯಲ್ಲ. ಜಮಖಂಡಿ ಪ್ರಾಂತದ ಸಾವಳಗಿಯಲ್ಲಿ ಹುಟ್ಟಿ, ೧೯೫೮ರಿಂದ ೧೯೬೨ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ. ಡಿ. ಜತ್ತಿಯವರು ೧೯೭೪ರಲ್ಲಿ ಉಪರಾಷ್ಟ್ರಪತಿಗಳಾದರು. ೧೯೭೭ರ ಫೆಬ್ರವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದರು. ಅಂದಿನಿಂದ ಜುಲೈ ೨೫ರವರೆಗೆ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳು. ತುರ್ತುಪರಿಸ್ಥಿತಿಯು ತೆರವಾದುದೂ, ಕೇಂದ್ರದಲ್ಲಿ ಮೊದಲ ಬಾರಿಗೆ ಅಧಿಕಾರವು ಒಂದು ಪಕ್ಷದಿಂದ ಮತ್ತೊಂದಕ್ಕೆ ಹೋದುದೂ ಆ ಕೆಲವು ತಿಂಗಳಲ್ಲಿಯೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರ್ಕಾರವು ಸಲಹೆ ಮಾಡಿದಾಗ ಅವರು ಕೂಡಲೆ ಸಹಿಹಾಕದೆ ತಡೆದು, ಏಪ್ರಿಲ್ ೩೦ರಂದು ಹಾಕಿದರು. ಆ ತಡೆಯು ಸರಿಯೋ ತಪ್ಪೋ ಎಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ೧೯೭೪ರಲ್ಲಿ ಮತಕೊಟ್ಟವರು ಅರಿತೋ ಅರಿಯದೆಯೋ ಆ ಲೇಖನಿಯನ್ನು ಯಾರ ಕೈಯಲ್ಲಿಡಬೇಕೆಂದು ನಿರ್ಣಯಿಸಿದ್ದರು.

ಆಕಾಂಕ್ಷೆಯುಳ್ಳವನಿಗೆ ತಾನಿಲ್ಲದ ಲೋಕವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ತನ್ನ ಜೊತೆಗಾರನನ್ನು ಆರಿಸುವಾಗ ಮಾತ್ರ ಅವನು ಹಾಗೆ ಕಲ್ಪಿಸಿಕೊಳ್ಳಲೇಬೇಕು. ನಾಳೆ ತಾನು ಇಲ್ಲದಿದ್ದರೆ ಈ ಜನ ಯಾರ ಕೈಯಲ್ಲಿ ಕ್ಷೇಮವಾಗಿರುವರು ಎಂದು ಕೇಳಿಕೊಂಡು ಆರಿಸಿದವನು ಅಧಿಕಾರವನ್ನು ಪ್ರಜೆಗಳ ನ್ಯಾಸವೆಂದು ತಿಳಿದವನು. ಯಾರಿಂದ ತಾನು ಗೆಲ್ಲುವೆನು ಎಂದಷ್ಟೇ ಕೇಳಿಕೊಂಡವನು ಅದನ್ನು ಸ್ವಂತ ಸೊತ್ತೆಂದು ತಿಳಿದವನು. ಪಂಚಾಯಿತಿಯ ಸದಸ್ಯನಿಗೂ ಮಹಾರಾಷ್ಟ್ರವೊಂದರ ಅಭ್ಯರ್ಥಿಗೂ ಪರೀಕ್ಷೆ ಒಂದೇ. ಮತಕೊಡುವ ಪ್ರಜೆಯೂ ಮೊದಲನೆಯ ಹೆಸರನ್ನು ಓದಿ ನಿಲ್ಲಿಸದೆ, ಎರಡನೆಯ ಹೆಸರನ್ನೂ ಅಷ್ಟೇ ಸಾವಧಾನದಿಂದ ಓದುವುದು ಕರ್ತವ್ಯ.