ಮುಯ್ಯಿ ಇಲ್ಲದ ಹೊಳೆ

ಶಿವಮೊಗ್ಗದಲ್ಲಿ ತುಂಗೆ ಎಷ್ಟು ಬಂದಿದೆ ಅಂತ ತಿಳಿಯೋಕೆ ಆ್ಯಪ್ ಬೇಡ. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ಕೇಳಿದರೆ ಸಾಕು. ಭದ್ರಾವತಿಯಲ್ಲಿ ಆ ಕೆಲಸ ಸೇತುವೆಯದು. ತಮಾಷೆ ಅಂದ್ರೆ ಅಲ್ಲಿ ಮುಳುಗೋದು ಹೊಸ ಸೇತುವೆ. ಆದರೆ ಇವೆರಡೂ ಹೇಳೋದು ನೀರು ಬಂದ ಮೇಲೆ. ಮೊದಲೇ ತಿಳಿಯಬೇಕು ಅಂದ್ರೆ ಗಾಜನೂರು, ಲಕ್ಕವಳ್ಳಿ ಡ್ಯಾಮುಗಳ ಕಡೆಯಿಂದ ಯಾರಾದರೂ ಹೇಳಬೇಕು.

ನಮ್ಮೂರು ಹೊಳೆಹೊನ್ನೂರು ಕಡೆ, ಭದ್ರೆಯ ದಂಡೆ. ನಾನು ಹೈಸ್ಕೂಲಲ್ಲಿದ್ದಾಗ ಒಂದು ರಾತ್ರಿ "ಡ್ಯಾಮಲ್ಲಿ ನೀರು ಬಿಡ್ತಾರಂತೆ" ಅಂತ ಸುದ್ದಿ ಬಂತು. ಅಪ್ಪ ಊಟ ಬಿಟ್ಟು ಎದ್ದು ಹೋಗಿ ದಂಡೆ ಮೇಲಿನ ಮೋಟ್ರು ಎತ್ತಿಟ್ಟರು. ಬೆಳಿಗ್ಗೆ ನೋಡಿದರೆ ಕೆಳಗಿನ ತೋಟದವರ ಮೋಟ್ರು ಹೊಳೆ ಪಾಲು. "ಅವ್ರಿಗೆ ಹೇಳ್ಬೇಕಿತ್ತಲ್ವ ಅಪ್ಪ?" ಅಂದೆ. "ಅವ್ರಿಗೂ ಗೊತ್ತಿರುತ್ತೆ ಅನ್ಕೊಂಡೆ ಕಣೋ." ನಮ್ಮಪ್ಪ ಕೆಟ್ಟವರಲ್ಲ. ಈ ವಾಕ್ಯವನ್ನು ನಾನೇ ಆಫೀಸಲ್ಲಿ ಎಷ್ಟು ಸಲ ಹೇಳಿಲ್ಲ! ಮೇಲ್ ಕಳಿಸಿದೀನಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚೋದು, ಓದಿದರಾ ಅಂತ ಕೇಳದೇ ಇರೋದು.

ಕೆರಿಬಿಯನ್ ದ್ವೀಪಗಳ ಕಡೆಯ 16 ಸರ್ಕಾರಗಳು 2007ರಲ್ಲಿ ಸೇರಿ ಒಂದು ವಿಮಾ ನಿಧಿ ಮಾಡಿಕೊಂಡವು. ಚಂಡಮಾರುತ, ಭೂಕಂಪ ಯಾರಿಗೆ ಬಡಿದರೂ ಆ ಹುಂಡಿಯಿಂದ ಬೇಗ ದುಡ್ಡು. ಎಲ್ಲರಿಗೂ ಒಂದೇ ವರ್ಷ ಬಡಿಯಲ್ಲ. ಈ ಸಲ ನಿಮಗೆ, ಮುಂದಿನ ಸಲ ನಮಗೆ. ನಮ್ಮ ನಾಟಿ ಗದ್ದೆಯ ಮುಯ್ಯಾಳು ಲೆಕ್ಕವೇ ಇದು. ತಪ್ಪೇನಿಲ್ಲ, ಚೆನ್ನಾಗಿ ನಡೆಯುತ್ತೆ.

ಹೊಳೆಯಲ್ಲಿ ಮುಯ್ಯಿ ಇಲ್ಲ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿ ಹೊನ್ನಾಳಿ, ಹರಿಹರಕ್ಕೆ ಹೋಗುತ್ತವೆ. ಹೊನ್ನಾಳಿಯವರು ನಮಗೆ ಯಾವತ್ತೂ "ನೀರು ಬರ್ತಿದೆ" ಅಂತ ಫೋನ್ ಮಾಡೋ ಹಾಗಿಲ್ಲ. ಹಾಗಾದರೆ ನಾವು ಯಾಕೆ ಮಾಡಬೇಕು?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕರ್ನೂಲಿನ ತನಕ ಎಚ್ಚರಿಕೆ ಹೋಯಿತು. ಒಂದು ವಾರದಲ್ಲಿ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ಅಲ್ಲಿ 1953ರಿಂದ ಒಂದು ಮಂಡಳಿ ಇದೆ, ಈಗ ಮೂರು ರಾಜ್ಯಗಳಿಗೆ ಆ ನೀರಲ್ಲಿ ಪಾಲಿದೆ. ಪಾಲಿದ್ದಲ್ಲಿ ಮಾತುಕತೆ ಇರುತ್ತೆ. ನನ್ನ ತಲೆ ಕೊರೆಯೋದು ಪಾಲೇ ಇಲ್ಲದ ಆ ಕೆಳಗಿನ ತೋಟದವರು. ನಮ್ಮಿಂದ ಅವರಿಗೆ ಬೇಕಿದ್ದದ್ದು ಒಂದೇ ಒಂದು ಮಾತು, ನಮಗೆ ಅವರಿಂದ ಏನೂ ಬೇಕಿರಲಿಲ್ಲ. ಬಹುಶಃ ಅದಕ್ಕೇ ಮರೆತಿದ್ದು.

ಕಳೆದ ಮಳೆಗಾಲ ಲಕ್ಕವಳ್ಳಿ ಗೇಟು ತೆಗೀತಾರೆ ಅಂತ ವಾಟ್ಸಾಪಲ್ಲಿ ಬಂತು. ಬೆಂಗಳೂರಿಂದಲೇ ಆ ಮನೆಗೆ ಫೋನ್ ಹಚ್ಚಿದೆ. "ಗೊತ್ತು ಕಣೋ ತಮ್ಮ, ಬೆಳಿಗ್ಗೇನೇ ಮೋಟ್ರು ಎತ್ತಿದೀವಿ" ಅಂದರು. ಐದು ನಿಮಿಷ ಅಡಿಕೆ ರೇಟು ಮಾತಾಡಿ ಇಟ್ಟೆ.